ಈ ಚೆಂಡು ಯಾಕೆ ಕೈ ತಪ್ಪಿತು?

ಮೊದಲಿಗೆ ಒಂದು ಗೊಂದಲ ಬಗೆಹರಿಸಿಬಿಡೋಣ. ಈ ಲೇಖನದಲ್ಲಿ ಫುಟ್‌ಬಾಲ್ ಅಂದರೆ ಸುನಿಲ್ ಛೇತ್ರಿ ಆಡುವ ಆಟವಲ್ಲ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕನ್ ಫುಟ್‌ಬಾಲ್. ಅಲ್ಲಿನ ಚೆಂಡು ದುಂಡಗಿರುವುದಿಲ್ಲ, ಎರಡೂ ತುದಿ ಚೂಪು. ಅದನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿಹೋಗಿ ಹಿಡಿಯುವವನು ವೈಡ್ ರಿಸೀವರ್. ಕಾಲೇಜು ಆಟ ಮುಗಿಸಿ ವೃತ್ತಿಪರ ಲೀಗಿನ ಬಾಗಿಲಲ್ಲಿ ನಿಂತ 21-22ರ ಹರೆಯದ ರಿಸೀವರ್‌ನನ್ನು ಕೂರಿಸಿಕೊಂಡು ತಂಡದವರು ಏನು ಕೇಳುತ್ತಾರೆ? ಯಾಕೆ ಕೇಳುತ್ತಾರೆ? ವಯಸ್ಸೂ ನಮ್ಮದೇ, ಆತಂಕವೂ ನಮ್ಮದೇ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಫಾರ್ಮಲ್ ಶರ್ಟು ಇಸ್ತ್ರಿ ಮಾಡಿಕೊಳ್ಳುವ ನಮಗೆ ಇದು ತಿಳಿದಿರಬೇಕಾದ ವಿಷಯ ಅಂತ ಅನ್ನಿಸಿತು.

ಹರಾಜಲ್ಲ, ಡ್ರಾಫ್ಟ್

ಐಪಿಎಲ್‌ನಲ್ಲಿ ಆಟಗಾರರನ್ನು ಹರಾಜು ಹಾಕುತ್ತಾರೆ. ಯಾರು ಹೆಚ್ಚು ಕೂಗುತ್ತಾರೋ ಅವರ ಪಾಲು. ಅಮೆರಿಕದ ಎನ್‌ಎಫ್‌ಎಲ್ ಲೀಗಿನಲ್ಲಿ ಹಾಗಲ್ಲ. ಅಲ್ಲಿರುವ 32 ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸುತ್ತವೆ. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಕೊನೆಯ ಸರದಿ. ಬಲ ಒಂದೇ ಕಡೆ ಸೇರಬಾರದು ಅನ್ನುವುದು ಲೆಕ್ಕಾಚಾರ. ಸರದಿಯನ್ನು ತಂಡಗಳು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಲೂಬಹುದು. ಒಟ್ಟು ಏಳು ಸುತ್ತು. 2024ರಲ್ಲಿ 257 ಮಂದಿ ಆಯ್ಕೆಯಾದರು. ಈ ಪದ್ಧತಿ ಶುರುವಾದದ್ದು 1936ರಲ್ಲಿ. ತಮಾಷೆ ಏನಂದರೆ, ಆ ವರ್ಷ ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಈ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ!

ಆಟಗಾರನಿಗೆ ಇಲ್ಲಿ ತಂಡ ಆರಿಸುವ ಹಕ್ಕಿಲ್ಲ. ಸಂಬಳದ ಚೌಕಾಸಿಗೂ ಹೆಚ್ಚು ಜಾಗವಿಲ್ಲ. 2011ರ ಒಪ್ಪಂದದ ನಂತರ ಎಷ್ಟನೇ ಸ್ಥಾನದಲ್ಲಿ ಆಯ್ಕೆಯಾದ ಅನ್ನುವುದರ ಮೇಲೇ ಮೊದಲ ನಾಲ್ಕು ವರ್ಷದ ಸಂಬಳ ಬಹುಪಾಲು ನಿಗದಿಯಾಗುತ್ತದೆ. 2023ರಲ್ಲಿ 20ನೆಯವರಾಗಿ ಆಯ್ಕೆಯಾದ ರಿಸೀವರ್ ಜಾಕ್ಸನ್ ಸ್ಮಿತ್-ಎಂಜಿಗ್ಬಾ ಅವರಿಗೆ ಸಿಕ್ಕಿದ್ದು ಸುಮಾರು 1.44 ಕೋಟಿ ಡಾಲರ್. ಅದೇ ವರ್ಷ 177ನೆಯವರಾಗಿ ಆಯ್ಕೆಯಾದ ರಿಸೀವರ್ ಪುಕಾ ನಕುವಾ ಅವರಿಗೆ ಸುಮಾರು 40 ಲಕ್ಷ ಡಾಲರ್. ಒಂದೇ ಕೆಲಸ, ಒಂದೇ ಬ್ಯಾಚು, ಮೂರೂವರೆ ಪಟ್ಟು ವ್ಯತ್ಯಾಸ. ಆ ಸಂದರ್ಶನದ ಕೋಣೆಯಲ್ಲಿ ಕೂತ ಹುಡುಗನ ಅಂಗೈ ಯಾಕೆ ಬೆವರುತ್ತದೆ ಅಂತ ಈಗ ಗೊತ್ತಾಯಿತಲ್ಲ?

ಇಂಡಿಯಾನಾಪೊಲಿಸ್‌ನ ಆ ಕೆಲವು ದಿನ

ಪ್ರತಿ ವರ್ಷ ಫೆಬ್ರವರಿ ಕೊನೆಗೆ, ಮಾರ್ಚ್ ಶುರುವಿಗೆ ಇಂಡಿಯಾನಾಪೊಲಿಸ್ ನಗರದಲ್ಲಿ 300ಕ್ಕೂ ಹೆಚ್ಚು ಆಟಗಾರರನ್ನು ಕರೆಸಿ ಪರೀಕ್ಷಿಸುತ್ತಾರೆ. ಇದಕ್ಕೆ ಕಂಬೈನ್ ಅನ್ನುತ್ತಾರೆ. 1987ರಿಂದ ಇದು ಅದೇ ಊರಿನಲ್ಲಿ ನಡೆದುಬಂದಿದೆ. ವೈದ್ಯಕೀಯ ತಪಾಸಣೆ, ಎತ್ತರ-ತೂಕ, ಜಿಗಿತ, ಓಟ ಎಲ್ಲವೂ ಉಂಟು. ಟಿವಿಯವರಿಗೆ ಪ್ರೀತಿಯಾದದ್ದು 40 ಯಾರ್ಡ್, ಅಂದರೆ ಸುಮಾರು 36.6 ಮೀಟರ್ ಓಟ. 2024ರಲ್ಲಿ ರಿಸೀವರ್ ಝೇವಿಯರ್ ವರ್ದಿ ಇದನ್ನು 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದರು.

ಆದರೆ ತಂಡದವರು ಹೆಚ್ಚು ಬೆಲೆ ಕೊಡುವ ಭಾಗ ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ನಡೆಯುತ್ತದೆ. ಮೊದಲು ಒಂದು ತಂಡ 60 ಆಟಗಾರರನ್ನು ತಲಾ 15 ನಿಮಿಷ ಮಾತಾಡಿಸಬಹುದಿತ್ತು. 2020ರಲ್ಲಿ ಅದನ್ನು 45 ಮಂದಿ, ತಲಾ 18 ನಿಮಿಷ ಅಂತ ಬದಲಾಯಿಸಿದರು. ಎದುರಿಗೆ ಮುಖ್ಯ ಕೋಚ್, ಜನರಲ್ ಮ್ಯಾನೇಜರ್, ಸ್ಕೌಟ್‌ಗಳು. ಗೋಡೆಯ ಮೇಲೆ ವೈಟ್‌ಬೋರ್ಡು, ಪಕ್ಕದಲ್ಲಿ ಸ್ಕ್ರೀನು.

ರಿಸೀವರ್‌ಗೆ ಯಾಕೆ ಇಷ್ಟು ಪ್ರಶ್ನೆ?

ಓಡುವವನಿಗೆ, ಚೆಂಡು ಹಿಡಿಯುವವನಿಗೆ ಮೌಖಿಕ ಪರೀಕ್ಷೆ ಯಾಕೆ ಅಂತ ಕೇಳಬಹುದು. ಉತ್ತರ ಅವನ ಕೆಲಸದ ಒಳಗೇ ಇದೆ.

ರಿಸೀವರ್ ಮನಸ್ಸಿಗೆ ಬಂದಂತೆ ಓಡುವುದಿಲ್ಲ. ಅವನು ಓಡಬೇಕಾದ ದಾರಿಗಳಿಗೆ ರೂಟ್ ಅನ್ನುತ್ತಾರೆ. ಇವೆಲ್ಲವನ್ನೂ ಒಂದೇ ಚಿತ್ರದಲ್ಲಿ ಬರೆದರೆ ಕೊಂಬೆ ಚಾಚಿದ ಮರದಂತೆ ಕಾಣುತ್ತದೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ಕೊಂಬೆಗಳಿಗೆ 1ರಿಂದ 9ರವರೆಗೆ ನಂಬರು. 2, 4, 6, 8 ಮೈದಾನದ ಮಧ್ಯದ ಕಡೆ ತಿರುಗುವ ದಾರಿಗಳು; 1, 3, 5, 7 ಗೆರೆಯ ಕಡೆ; 9 ಅಂದರೆ ತಿರುಗದೆ ನೆಟ್ಟಗೆ ಓಟ. ಇಷ್ಟೇ ಆಗಿದ್ದರೆ ಬಾಯಿಪಾಠ ಮಾಡಿ ಪಾಸಾಗಬಹುದಿತ್ತು.

ನಿಜವಾದ ಕಷ್ಟ ಆಯ್ಕೆಯಿರುವ ರೂಟ್‌ಗಳಲ್ಲಿದೆ. ಎದುರಾಳಿಯ ಹಿಂದಿನ ಸಾಲಿನಲ್ಲಿ ಕಾವಲುಗಾರ ಒಬ್ಬನೇ ನಡುವೆ ನಿಂತಿದ್ದಾನಾ, ಇಬ್ಬರು ಎಡಬಲಕ್ಕೆ ಹಂಚಿಕೊಂಡಿದ್ದಾರಾ ಅಂತ ಓಡುತ್ತಲೇ ನೋಡಬೇಕು. ಇಬ್ಬರಿದ್ದರೆ ನಡುವೆ ಜಾಗ ಖಾಲಿ, ಅಲ್ಲಿಗೆ ನುಗ್ಗು. ಒಬ್ಬನೇ ನಡುವೆ ಇದ್ದರೆ ಬೇರೆ ಕಡೆ ತಿರುಗು. ಇದೇ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್ ಕೂಡ ಅದೇ ದೃಶ್ಯ ನೋಡಿ ಅದೇ ತೀರ್ಮಾನಕ್ಕೆ ಬರಬೇಕು. ಎಷ್ಟೋ ಸಲ ರಿಸೀವರ್ ತಿರುಗುವ ಮೊದಲೇ ಚೆಂಡು ಅವನ ಕೈ ಬಿಟ್ಟಿರುತ್ತದೆ. ಇಬ್ಬರ ನಡುವೆ ಮಾತಿಲ್ಲ, ಸನ್ನೆಯಿಲ್ಲ. ಕಂಪ್ಯೂಟರ್ ಸೈನ್ಸ್ ಗೆಳೆಯರ ಭಾಷೆಯಲ್ಲಿ ಹೇಳುವುದಾದರೆ, ಎರಡು ನೋಡ್‌ಗಳು ಒಂದು ಮೆಸೇಜನ್ನೂ ಕಳಿಸಿಕೊಳ್ಳದೆ ಒಂದೇ ಇನ್‌ಪುಟ್ ಓದಿ ಒಂದೇ ಔಟ್‌ಪುಟ್ ಕೊಡಬೇಕು. ಒಬ್ಬ ತಪ್ಪು ಓದಿದರೂ ಚೆಂಡು ಸೀದಾ ಎದುರಾಳಿಯ ಕೈಗೆ.

ಆದ್ದರಿಂದ ಕೋಚ್ ವೈಟ್‌ಬೋರ್ಡಿನ ಮೇಲೆ ಒಂದು ಹೊಸ ಆಟದ ನಕ್ಷೆ ಬರೆದು ವಿವರಿಸುತ್ತಾರೆ. ಆಮೇಲೆ ಅಳಿಸಿಬಿಡುತ್ತಾರೆ. ಊರು, ಮನೆ, ಓದು ಅಂತ ಏನೇನೋ ಮಾತಾಡಿಸಿ, ಸ್ವಲ್ಪ ಹೊತ್ತಿನ ನಂತರ "ಆಗ ಹೇಳಿದ್ದನ್ನು ಈಗ ನೀನು ಬರೆಯಪ್ಪ, ಆದರೆ ಎಡಬಲ ಉಲ್ಟಾ ಮಾಡಿ" ಅನ್ನಬಹುದು. ನೋಡುವುದು ನೆನಪಿನ ಶಕ್ತಿಯನ್ನಷ್ಟೇ ಅಲ್ಲ, ಅದು ಯಾಕೆ ಹಾಗಿದೆ ಅಂತ ಅರ್ಥವಾಗಿದೆಯೋ ಇಲ್ಲವೋ ಅನ್ನುವುದನ್ನು. ಕಾರಣ ಗೊತ್ತಿದ್ದವನಿಗೆ ಉಲ್ಟಾ ಮಾಡುವುದು ಕಷ್ಟವಲ್ಲ. ಡಿರೈವೇಶನ್ ಉರು ಹೊಡೆದವನ ಪಾಡು ಸಿಂಬಲ್ ಬದಲಾದಾಗ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತೇ ಇದೆ.

ಇನ್ನೊಂದು ಪ್ರಶ್ನೆ ಸ್ಕ್ರೀನಿನ ಮೇಲೆ ಬರುತ್ತದೆ. ಅವನದೇ ಪಂದ್ಯ, ಅವನದೇ ಕೈತಪ್ಪಿದ ಕ್ಯಾಚು. "ಇಲ್ಲಿ ಏನಾಯಿತು?" ಎಸೆತ ಸರಿಯಿರಲಿಲ್ಲ ಅನ್ನಬಹುದು, ಸಂದರ್ಶಕರು ವಿಡಿಯೊ ಆಗಲೇ ಹತ್ತು ಸಲ ನೋಡಿರುತ್ತಾರೆ. ತಪ್ಪಾಯಿತು ಸರ್ ಅಂತ ತಲೆ ತಗ್ಗಿಸಬಹುದು. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. "ಚೆಂಡು ಕೈಯಲ್ಲಿ ಭದ್ರವಾಗುವ ಮೊದಲೇ ಮುಂದಕ್ಕೆ ಓಡಲು ಕಣ್ಣು ತಿರುಗಿಸಿದೆ, ಈಗ ಹೀಗೆ ಅಭ್ಯಾಸ ಮಾಡುತ್ತಿದ್ದೇನೆ" ಅಂದರೆ ಮಾತು ಮುಂದುವರಿಯುತ್ತದೆ. ಅವರಿಗೆ ಬೇಕಿರುವುದು ಕಾರಣ ಹುಡುಕುವ ಅಭ್ಯಾಸವುಳ್ಳ ಹುಡುಗ.

ಅಳತೆಗೋಲಿನ ಅಳತೆ

ಇಷ್ಟೆಲ್ಲ ಮಾಡಿದ ಮೇಲೆ ಆಯ್ಕೆ ಸರಿಯಾಗಿಯೇ ಇರುತ್ತದಾ? ಇಲ್ಲ. 1985ರಲ್ಲಿ ಸಣ್ಣ ಕಾಲೇಜೊಂದರಿಂದ ಬಂದ ಜೆರ್ರಿ ರೈಸ್ ಅವರ ವೇಗದ ಬಗ್ಗೆ ಅನುಮಾನವಿತ್ತು. 16ನೆಯವರಾಗಿ ಆಯ್ಕೆಯಾದರು, ಅವರಿಗಿಂತ ಮೊದಲು ಇಬ್ಬರು ರಿಸೀವರ್‌ಗಳು ಹೋಗಿದ್ದರು. ನಿವೃತ್ತರಾಗುವಾಗ ಅವರ ಖಾತೆಯಲ್ಲಿದ್ದದ್ದು 22,895 ಯಾರ್ಡ್, ಇಂದಿಗೂ ದಾಖಲೆ. 2017ರಲ್ಲಿ 4.22 ಸೆಕೆಂಡಿನಲ್ಲಿ ಓಡಿದ ಜಾನ್ ರಾಸ್ 9ನೇ ಆಯ್ಕೆ. ಗಾಯಗಳೂ ಕಾಡಿದ್ದರಿಂದ ಮೊದಲ ಸೀಸನ್ನಿನಲ್ಲಿ ಅವರು ಹಿಡಿದ ಕ್ಯಾಚು ಸೊನ್ನೆ. 2019ರಲ್ಲಿ ಡಿಕೆ ಮೆಟ್‌ಕಾಫ್ ನೆಟ್ಟಗಿನ ಓಟದಲ್ಲಿ ಮಿಂಚಿದರೂ, ಮೂರು ಕೋನ್ ಸುತ್ತಿ ತಿರುಗುವ ಪರೀಕ್ಷೆಗೆ 7.38 ಸೆಕೆಂಡ್ ತೆಗೆದುಕೊಂಡು 64ನೇ ಸ್ಥಾನಕ್ಕೆ ಜಾರಿದರು. ಮರುವರ್ಷವೇ 1,303 ಯಾರ್ಡ್ ಗಳಿಸಿದರು. ಮೇಲೆ ಹೇಳಿದ 177ನೇ ಆಯ್ಕೆಯ ನಕುವಾ ತಮ್ಮ ಮೊದಲ ಸೀಸನ್ನಿನಲ್ಲೇ 105 ಕ್ಯಾಚು, 1,486 ಯಾರ್ಡ್ ಗಳಿಸಿ ಹೊಸಬರ ಅಲ್ಲಿಯವರೆಗಿನ ಎರಡೂ ದಾಖಲೆ ಮುರಿದರು. ವೆಸ್ ವೆಲ್ಕರ್ ಅವರನ್ನು 2004ರಲ್ಲಿ ಯಾವ ತಂಡವೂ ಆರಿಸಲೇ ಇಲ್ಲ. ಮುಂದೆ ಅವರು ಐದು ಸೀಸನ್‌ಗಳಲ್ಲಿ ನೂರಕ್ಕೂ ಹೆಚ್ಚು ಕ್ಯಾಚು ಹಿಡಿದರು.

12 ನಿಮಿಷದಲ್ಲಿ 50 ಪ್ರಶ್ನೆ ಬಿಡಿಸಬೇಕಾದ ವಂಡರ್ಲಿಕ್ ಅನ್ನುವ ಆಪ್ಟಿಟ್ಯೂಡ್ ಪರೀಕ್ಷೆಯೂ ದಶಕಗಳ ಕಾಲ ಇತ್ತು. 2022ರಲ್ಲಿ ಕಂಬೈನ್‌ನಿಂದ ಅದನ್ನು ಕೈಬಿಟ್ಟರು.

ಕೇಳಬಾರದ ಪ್ರಶ್ನೆ

ಅಧಿಕಾರವೆಲ್ಲ ಮೇಜಿನ ಒಂದೇ ಬದಿಗಿದ್ದಾಗ ಪ್ರಶ್ನೆ ಹದ್ದು ಮೀರುವುದು ಸುಲಭ. 2010ರಲ್ಲಿ ರಿಸೀವರ್ ಡೆಝ್ ಬ್ರಯಂಟ್ ಅವರನ್ನು ಮಯಾಮಿ ತಂಡದ ಜನರಲ್ ಮ್ಯಾನೇಜರ್ ಜೆಫ್ ಐರ್ಲೆಂಡ್, ನಿನ್ನ ತಾಯಿ ವೇಶ್ಯೆಯೇ ಎಂಬರ್ಥದ ಪ್ರಶ್ನೆ ಕೇಳಿದ್ದು ಹೊರಬಂತು. ಐರ್ಲೆಂಡ್ ಬಹಿರಂಗವಾಗಿ ಕ್ಷಮೆ ಕೇಳಿದರು. ಒತ್ತಡದಲ್ಲಿ ಹುಡುಗ ಹೇಗಿರುತ್ತಾನೆ ಅಂತ ನೋಡಲು ಕೇಳಿದೆವು ಅನ್ನುವ ಸಮರ್ಥನೆ ಇಂಥ ಕಡೆ ಸದಾ ಸಿದ್ಧವಾಗಿರುತ್ತದೆ. ಆದರೆ ತಾಯಿಯ ಬಗ್ಗೆ ಕೇಳಿದ ಅವಮಾನದಿಂದ ರೂಟ್ ಓದುವ ಬುದ್ಧಿ ಅಳೆಯಲಾಗುವುದಿಲ್ಲ. 2022ರಲ್ಲಿ ಲೀಗ್ ಕೊನೆಗೂ ಕಠಿಣ ಎಚ್ಚರಿಕೆ ಕೊಟ್ಟಿತು: ಸಂದರ್ಶನದಲ್ಲಿ ಅಗೌರವದಿಂದ ನಡೆದುಕೊಂಡರೆ ಕನಿಷ್ಠ 1.5 ಲಕ್ಷ ಡಾಲರ್ ದಂಡ, ಜೊತೆಗೆ ಮೊದಲ ನಾಲ್ಕು ಸುತ್ತಿನೊಳಗಿನ ಒಂದು ಆಯ್ಕೆಯ ಹಕ್ಕೇ ಹೋಗಬಹುದು. ತಂಡಕ್ಕೆ ನೋವಾಗುವ ಜಾಗಕ್ಕೇ ಕೈ ಹಾಕಿದ್ದಾರೆ.

ನಮ್ಮ ಕಡೆಗೆ ಬಂದರೆ

ರೆಸ್ಯೂಮೆಯಲ್ಲಿ ಬರೆದ ಪ್ರಾಜೆಕ್ಟನ್ನು ಬೋರ್ಡಿನ ಮೇಲೆ ಬಿಡಿಸಿ, ಒಂದು ಷರತ್ತು ಬದಲಾಯಿಸಿದರೆ ಏನಾಗುತ್ತದೆ ಅಂತ ಗೆಳೆಯರಿಂದ ಕೇಳಿಸಿಕೊಳ್ಳಿ. ಕೆಲಸ ಮಾಡದ ಸರ್ಕ್ಯೂಟು, ಹಾರದ ಡ್ರೋನು, ಬ್ಯಾಕ್ ಆದ ಸಬ್ಜೆಕ್ಟು: ಇವುಗಳ ಬಗ್ಗೆ ಕೇಳಿಯೇ ಕೇಳುತ್ತಾರೆ. ಕಾರಣ, ಆಮೇಲೆ ಮಾಡಿದ್ದು, ಇವೆರಡನ್ನು ನೇರವಾಗಿ ಹೇಳಿದರೆ ಸಾಕು. ಮದುವೆ ಯಾವಾಗ, ಮನೆಯವರು ಬೇರೆ ಊರಿಗೆ ಬಿಡುತ್ತಾರಾ ಅಂತ ಹುಡುಗಿಯರನ್ನು ಮಾತ್ರ ಕೇಳಿದರೆ, "ಕೆಲಸದ ಬಗ್ಗೆ ಕೇಳಿ ಸರ್, ಹೇಳ್ತೀನಿ" ಅನ್ನುವುದು ಉದ್ಧಟತನವಲ್ಲ. ಹೊರಗೆ ಬಂದು ಪ್ಲೇಸ್‌ಮೆಂಟ್ ಆಫೀಸರಿಗೆ ತಿಳಿಸಿ. ಹೇಳದೆ ಬಿಟ್ಟರೆ ಮುಂದಿನ ಬ್ಯಾಚಿನವರಿಗೂ ಅದೇ ಪ್ರಶ್ನೆ ಕಾದಿರುತ್ತದೆ.

ಇನ್ನು ಮೊದಲ ದಿನವೇ ಹೆಸರು ಬರಲಿಲ್ಲ ಅಂತ ರೂಮಿನ ಬಾಗಿಲು ಹಾಕಿಕೊಂಡು ಕೂರಬೇಡಿ. ಏಳು ಸುತ್ತೂ ಮುಗಿದು ಆಯ್ಕೆಯಾಗದೆ ಉಳಿದ ರಿಸೀವರ್‌ಗೆ ಅಲ್ಲಿ ಒಂದು ಅನುಕೂಲವಿದೆ: ಅವನನ್ನು ಕರೆಯುವ ತಂಡಗಳಲ್ಲಿ ಯಾವುದಕ್ಕೆ ಸೇರಬೇಕು ಅನ್ನುವುದನ್ನು ಅವನೇ ತೀರ್ಮಾನಿಸುತ್ತಾನೆ.