ಕೈ ಮಾತಾಡಿದರೆ ಬಾಯಿ ಬಿದ್ದುಹೋಗುವುದಿಲ್ಲ

ನಮ್ಮ ಓಣಿಯ ಒಂದು ಮನೆಯಲ್ಲಿ ಹುಟ್ಟಿನಿಂದಲೇ ಕಿವಿ ಕೇಳದ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ನಾಲ್ಕು ವರ್ಷವಿದ್ದಾಗ ಒಂದು ಸಂಜೆ ನಾನು ಅವರ ಅಡುಗೆಮನೆಯಲ್ಲಿ ಕೂತಿದ್ದೆ. ಮಗು ಕಟ್ಟೆಯ ಮೇಲಿನ ಡಬ್ಬಿಗೆ ಬೆರಳು ಮಾಡಿ, ಆ ಬೆರಳನ್ನೇ ಬಾಯಿಗೆ ತಂದಿತು. ತಾಯಿ ಅದರ ಎರಡೂ ಕೈ ಹಿಡಿದು ಕೆಳಗೆ ಒತ್ತಿ, ತನ್ನ ತುಟಿ ತೋರಿಸಿ, "ಬಾಯಲ್ಲಿ ಹೇಳು, ಬಿಸ್ಕತ್ತು" ಅಂದಳು. ಏಳೆಂಟು ಸಲ ಅಂದಳು. ಮಗು ಡಬ್ಬಿಯ ಆಸೆ ಬಿಟ್ಟು ಹೊರಗೆ ಹೋಯಿತು. ತಾಯಿ ಕಣ್ಣೊರೆಸಿಕೊಂಡು, "ಕೈಸನ್ನೆ ರೂಢಿ ಆದ್ರೆ ಆಮೇಲೆ ಮಾತೇ ಬರಲ್ಲ ಅಂತಾರೆ, ಏನ್ ಮಾಡ್ಲಿ ಅಕ್ಕ" ಅಂದಳು.

ಯಾರು ಅಂತಾರೆ? ಕೇಳಿದರೆ ಹೆಸರು ಸಿಗುವುದಿಲ್ಲ. ನೆರೆಯವರು, ನೆಂಟರು, ಬಸ್ಸಿನಲ್ಲಿ ಪಕ್ಕ ಕೂತವರು. ಆದರೆ ಈ ನಂಬಿಕೆಗೆ ಮುದ್ರೆ ಬಿದ್ದ ಊರೂ ಇದೆ, ಇಸವಿಯೂ ಇದೆ. 1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಸನ್ನೆಗಿಂತ ಬಾಯಿಮಾತೇ ಮೇಲು ಎಂಬ ನಿರ್ಣಯಕ್ಕೆ 160 ಮತ ಬಿತ್ತು, ವಿರುದ್ಧ ಬಿದ್ದದ್ದು 4. ಯುರೋಪಿನ ಶಾಲೆಶಾಲೆಗಳಲ್ಲಿ ಸನ್ನೆ ನಿಂತಿತು, ಕಿವುಡ ಮೇಷ್ಟ್ರುಗಳು ಕೆಲಸ ಕಳೆದುಕೊಂಡರು, ಸನ್ನೆ ಮಾಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಅದೇ ಸಮ್ಮೇಳನದ ಸಾಲಿನವರು 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಮಿಲಾನಿನ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಹೇಳಿದರು. ಅಷ್ಟರಲ್ಲಿ ನೂರಮೂವತ್ತು ವರ್ಷ ಕಳೆದಿತ್ತು. ಆ ವಿಷಾದ ನಮ್ಮ ಓಣಿಗೆ ಇನ್ನೂ ಬಂದು ಮುಟ್ಟಿಲ್ಲ.

ಮಾತು ಕಲಿಯುವ ಮುಂಚೆ ಯಾವ ಕೂಸು ಟಾಟಾ ಮಾಡುವುದಿಲ್ಲ ಹೇಳಿ. ಬೇಡ ಅಂದರೆ ತಲೆ ಆಡಿಸುತ್ತದೆ, ಎತ್ತಿಕೋ ಅಂದರೆ ಎರಡೂ ಕೈ ಚಾಚುತ್ತದೆ. ಟಾಟಾ ಮಾಡಿದ್ದಕ್ಕೆ ಮಾತು ನಿಂತುಹೋದ ಮಗು ಯಾವ ಊರಲ್ಲೂ ಇಲ್ಲ. ಕಿವುಡ ತಂದೆತಾಯಿಗೆ ಹುಟ್ಟಿದ, ಕಿವಿ ಚೆನ್ನಾಗಿ ಕೇಳುವ ಮಕ್ಕಳು ತೊಟ್ಟಿಲಿನಿಂದ ಸನ್ನೆಯಲ್ಲೇ ಬೆಳೆದು ಬಾಯಿಮಾತನ್ನೂ ಕಲಿಯುತ್ತಾರೆ, ಮನೆಯಲ್ಲಿ ತುಳು ಆಡಿದ ಮಗು ಶಾಲೆಯಲ್ಲಿ ಕನ್ನಡ ಕಲಿತ ಹಾಗೆ. ಕಿವುಡ ತಂದೆತಾಯಿಯ ಕಿವುಡ ಮಕ್ಕಳನ್ನು ನೋಡಿ. ಹುಟ್ಟಿದ ದಿನದಿಂದ ಕಣ್ಣೆದುರು ಭಾಷೆ ಕಂಡ ಇವರು, ಉಳಿದ ಕಿವುಡ ಮಕ್ಕಳಿಗಿಂತ ಓದುಬರಹದಲ್ಲಿ ಸರಾಸರಿ ಮುಂದಿರುವುದನ್ನು ಸಂಶೋಧಕರು ದಶಕಗಳಿಂದ ಕಾಣುತ್ತಿದ್ದಾರೆ. ಆದರೆ ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಟ್ಟುವುದು ಕೇಳುವವರ ಮನೆಯಲ್ಲಿ. ಭಾಷೆ ಬೇರೂರುವ ಮೊದಲ ಐದು ವರ್ಷ ಅಲ್ಲಿ ಖಾಲಿ ಹೋಗುತ್ತದೆ. ನಷ್ಟ ಆಗುವುದು ಇಲ್ಲಿ. ಮುಂದೆ ಆ ಮಗುವಿಗೆ ಲೆಕ್ಕ ಹತ್ತುವುದಿಲ್ಲ, ಕತೆ ಹತ್ತುವುದಿಲ್ಲ, ಆಗ "ಬುದ್ಧಿ ಕಮ್ಮಿ" ಎಂಬ ಚೀಟಿ ಅಂಟಿಸುತ್ತಾರೆ.

ತುಟಿ ನೋಡಿ ಕಲಿಯಲಿ ಎನ್ನುವವರು ಒಮ್ಮೆ ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ ಪಡಿ, ಬಡಿ, ಮಡಿ ಅಂದು ನೋಡಿಕೊಳ್ಳಲಿ. ಮೂರಕ್ಕೂ ತುಟಿ ಆಡುವುದು ಒಂದೇ ಥರ. ಕ, ಗ ಹುಟ್ಟುವುದಂತೂ ನಾಲಿಗೆಯ ಬುಡದಲ್ಲಿ, ಕಣ್ಣಿಗೆ ಬೀಳುವುದೇ ಇಲ್ಲ. ಭಾಷೆ ಮೊದಲೇ ಗೊತ್ತಿದ್ದವರು ಊಹಿಸಿಕೊಳ್ಳಬಹುದು. ಭಾಷೆಯೇ ಇಲ್ಲದ ಮಗು ಏನಂತ ಊಹಿಸಬೇಕು? ಒಳಗಿವಿಗೆ ಉಪಕರಣ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸುವವರು ಖಂಡಿತ ಮಾಡಿಸಲಿ, ಬಹಳ ಮಕ್ಕಳಿಗೆ ಅದರಿಂದ ದನಿ ಸಿಕ್ಕಿದೆ. ಆದರೆ ಆಪರೇಷನ್ ಆದ ಮರುದಿನ ಮಾತು ಬರುವುದಿಲ್ಲ, ವರ್ಷಗಟ್ಟಲೆ ತರಬೇತಿ ಬೇಕು. ಅಲ್ಲಿಯವರೆಗೆ ಹೊಟ್ಟೆನೋವು ಅಂತ ಹೇಳಿಕೊಳ್ಳಲಾದರೂ ಒಂದು ಭಾಷೆ ಬೇಡವೇ?

"ಸನ್ನೆ ಭಾಷೆ ಅಲ್ಲ, ಬರೀ ಅಭಿನಯ" ಎನ್ನುವವರಿಗೆ ನಿಕರಾಗುವಾದ ಕತೆ ಹೇಳುತ್ತೇನೆ. ಆ ದೇಶದ ರಾಜಧಾನಿ ಮನಾಗ್ವಾದಲ್ಲಿ 1977ರಲ್ಲಿ, ಕ್ರಾಂತಿಯ ನಂತರ 1980ರಲ್ಲಿ ಕಿವುಡ ಮಕ್ಕಳ ಶಾಲೆಗಳು ತೆರೆದವು. ಅದುವರೆಗೆ ಒಂದೊಂದು ಮನೆಯಲ್ಲಿ ಒಂಟಿಯಾಗಿದ್ದ ನೂರಾರು ಮಕ್ಕಳು ಮೊದಲ ಸಲ ಒಟ್ಟಿಗೆ ಸೇರಿದರು. ಶಿಕ್ಷಕರು ಹೇಳಿಕೊಟ್ಟದ್ದು ತುಟಿ ನೋಡಿ ಸ್ಪ್ಯಾನಿಷ್. ಮಕ್ಕಳು ಆಟದ ಬಯಲಲ್ಲಿ, ಶಾಲೆಯ ಬಸ್ಸಿನಲ್ಲಿ ತಮ್ಮದೇ ಭಾಷೆ ಕಟ್ಟಿಕೊಂಡರು. ಮುಂದೆ ಸಂಶೋಧಕರು ಅವರಿಗೆ ಒಂದು ಕಾರ್ಟೂನ್ ತೋರಿಸಿದರು. ಗುಂಡು ನುಂಗಿದ ಬೆಕ್ಕೊಂದು ಇಳಿಜಾರು ಬೀದಿಯಲ್ಲಿ ಉರುಳಿಕೊಂಡು ಹೋಗುತ್ತದೆ. ಮೊದಲು ಸೇರಿದ್ದವರು ಹೆಚ್ಚಾಗಿ ಒಂದೇ ಕೈಬೀಸಿನಲ್ಲಿ ಉರುಳುವುದನ್ನೂ ಇಳಿಯುವುದನ್ನೂ ತೋರಿಸಿದರು, ಕೇಳುವವರು ಮಾತಿನ ನಡುವೆ ಕೈ ಆಡಿಸುವ ಹಾಗೆ. ಆಮೇಲೆ ಬಂದ ಚಿಕ್ಕವರು "ಉರುಳು" ಎಂದು ಒಂದು ಸನ್ನೆ, "ಇಳಿ" ಎಂದು ಇನ್ನೊಂದು ಸನ್ನೆ ಮಾಡಿದರು. ಚಿತ್ರ ಒಡೆದು ಪದಗಳಾಯಿತು. ಆ ವ್ಯಾಕರಣವನ್ನು ಯಾವ ದೊಡ್ಡವರೂ ಕಲಿಸಿರಲಿಲ್ಲ.

ಜಗತ್ತಿಗೆಲ್ಲ ಒಂದೇ ಸನ್ನೆಭಾಷೆ ಎಂಬುದೂ ಸುಳ್ಳು. ಇಂಗ್ಲಿಷಿನ ನಾಡುಗಳಾದರೂ ಅಮೆರಿಕದ ಸನ್ನೆ ಬ್ರಿಟನ್ನಿನದನ್ನು ಹೋಲುವುದಿಲ್ಲ, ಫ್ರಾನ್ಸಿನದನ್ನು ಹೋಲುತ್ತದೆ. 1817ರಲ್ಲಿ ಅಮೆರಿಕದಲ್ಲಿ ಕಿವುಡರ ಶಾಲೆ ಕಟ್ಟಲು ನೆರವಾದ ಲೊರಾನ್ ಕ್ಲೆರ್ ಪ್ಯಾರಿಸಿನಿಂದ ಹೋದ ಕಿವುಡ ಮೇಷ್ಟ್ರು. ನಮ್ಮ ಗೌರಿಬಿದನೂರು ತಾಲ್ಲೂಕಿನ ಅಲೀಪುರಕ್ಕೇ ತನ್ನದೊಂದು ಸನ್ನೆಭಾಷೆ ಇದೆ, ಕಿವಿ ಕೇಳುವವರೂ ಅದನ್ನು ಆಡುತ್ತಾರೆ. ಇನ್ನು "ಗಂಡುಮಕ್ಕಳಿಗೆ ಮಾತು ತಡ" ಎಂದು ಸುಮ್ಮನಿರುವುದು, ನಾಲಿಗೆಗೆ ಬಜೆ ತೇಯ್ದು ಹಚ್ಚುವುದು, ಕಿವಿಗೆ ಬಿಸಿ ಎಣ್ಣೆ ಬಿಡುವುದು: ಇವುಗಳಲ್ಲಿ ಕಿವಿಯ ಪರೀಕ್ಷೆ ಮಾಡಿಸಬೇಕಾದ ಕಾಲ ಕಳೆದುಹೋಗುತ್ತದೆ.

ನನಗೆ ಸಿಟ್ಟು ಬರುವುದು ಆ ತಾಯಿಯ ಮೇಲಲ್ಲ. ಮೊಬೈಲ್ ಕೊಳ್ಳಲು ಹತ್ತು ಅಂಗಡಿ ತಿರುಗುವ ನಾವು, ಮಗುವಿನ ವಿಷಯದಲ್ಲಿ ಮಾತ್ರ ಮೊದಲು ಕಿವಿಗೆ ಬಿದ್ದದ್ದನ್ನೇ ನಂಬಿ ಇನ್ನೊಬ್ಬರಿಗೂ ಹೇಳಿಬಿಡುತ್ತೇವೆ. ಕಿವುಡರ ಬಗ್ಗೆ ಎಲ್ಲರನ್ನೂ ಕೇಳುತ್ತೇವೆ, ಕಿವುಡರೊಬ್ಬರನ್ನು ಬಿಟ್ಟು.

ಕೊನೆಗೆ ಆ ಮನೆಗೆ ಭಾನುವಾರಗಳಂದು ಕಿವುಡ ಯುವತಿಯೊಬ್ಬಳು ಪಾಠ ಹೇಳಲು ಬರತೊಡಗಿದಳು. ಭಾರತೀಯ ಸನ್ನೆಭಾಷೆಯ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಿದ್ದವು, ವಿಡಿಯೊಗಳು ಫೋನಿನಲ್ಲೇ ಸಿಗುತ್ತವೆ. ತಾಯಿ ಕಲಿತಳು. ಅಜ್ಜಿ ಎರಡು ಅಂಗೈ ನಡುವೆ ಗಾಳಿಯನ್ನೇ ಉರುಳಿಸಿ ಮುದ್ದೆಗೆ ತಾನೇ ಒಂದು ಸನ್ನೆ ಮಾಡಿಕೊಂಡಳು. ಆರು ತಿಂಗಳಾದ ಮೇಲೆ ಒಂದು ದಿನ ಊಟದ ಹೊತ್ತಿಗೆ ಹುಡುಗಿ ಗೋಡೆಯ ಫೋಟೊ ತೋರಿಸಿ, ಅಜ್ಜ ಯಾವಾಗ ಬರುತ್ತಾನೆ ಎಂದು ಕೇಳಿದಳು. ಅಜ್ಜ ತೀರಿಹೋಗಿ ಒಂದೂವರೆ ವರ್ಷವಾಗಿತ್ತು. ಮಗುವಿಗೆ ಅದೆಲ್ಲ ಮರೆತೇಹೋಗಿದೆ ಎಂದು ಮನೆಯವರು ಅಂದುಕೊಂಡಿದ್ದರು.