ಫೋನಲ್ಲೇ ಹಸುವಿಗೆ ಮದ್ದು: ಹೇಳೋ ಹಕ್ಕು ಯಾರಿಗಿದೆ, ಮೆಡಿಕಲ್ ಅಂಗಡಿಯವರು ಯಾವ ಚೀಟಿಗೆ ಕೊಡಬಹುದು?

ಚನ್ನರಾಯಪಟ್ಟಣ: ರಾತ್ರಿ 11 ಗಂಟೆ. ಕರು ಹಾಕಿ ಎರಡು ದಿನವಾದ ಎಚ್‌ಎಫ್ ಹಸು ಮಲಗಿದ್ದು ಮೇಲೇಳ್ತಿಲ್ಲ. ಕಿವಿ ತಣ್ಣಗಾಗಿದೆ, ಕತ್ತು ಒಂದು ಪಕ್ಕಕ್ಕೆ ತಿರುಗಿಸಿಕೊಂಡಿದೆ. ಮನೆಯವರು ಮೊಬೈಲಲ್ಲಿ ವಿಡಿಯೊ ತೆಗೆದು ಊರಿನ ಡೇರಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕ್ತಾರೆ. ಐದು ನಿಮಿಷದಲ್ಲಿ ಮೂರು ಉತ್ತರ ಬರುತ್ತೆ. ಒಬ್ಬರು ಕ್ಯಾಲ್ಸಿಯಂ ಬಾಟಲಿ ಏರಿಸಿ ಅಂತಾರೆ. ಇನ್ನೊಬ್ಬರು ನೋವಿನ ಇಂಜೆಕ್ಷನ್ ಹೆಸರು ಬರೀತಾರೆ. ಮೂರನೆಯವರು 'ನಮ್ಮ ಡಾಕ್ಟ್ರು ಫೋನಲ್ಲೇ ಹೇಳ್ತಾರೆ' ಅಂತ ಒಂದು ನಂಬರ್ ಕಳಿಸ್ತಾರೆ.

ಹಾಲಿನ ಸೀಮೆಯಲ್ಲಿ ಯಾರಿಗೂ ಇದು ಹೊಸದಲ್ಲ. ಆದರೆ ಈ ಮೂವರಲ್ಲಿ ಔಷಧ ಹೇಳುವ ಹಕ್ಕು ಯಾರಿಗಿದೆ, ಬೆಳಿಗ್ಗೆ ಆ ಮೆಸೇಜ್ ಹಿಡಿದು ಬಂದವರಿಗೆ ಅಂಗಡಿಯವರು ಇಂಜೆಕ್ಷನ್ ಕೊಡಬಹುದಾ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಹಸು ಸತ್ತ ಮೇಲೆ ಜಗಳ ಶುರುವಾಗೋದು ಇಲ್ಲಿಂದಲೇ.

ಫೋನಿಗೆ ಬೇರೆ ಕಾನೂನು ಇಲ್ಲ

ಪಶುವೈದ್ಯಕೀಯಕ್ಕೆ ಸಂಬಂಧಿಸಿದ ಮುಖ್ಯ ಕಾನೂನು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ. ಅದರ 30ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪಶುವೈದ್ಯರನ್ನು ಬಿಟ್ಟು ಬೇರೆ ಯಾರೂ ಪಶುವೈದ್ಯಕೀಯ ವೃತ್ತಿ ನಡೆಸುವಂತಿಲ್ಲ. ಕಾಯ್ದೆ ಬಂದಾಗ ಮೊಬೈಲೇ ಇರಲಿಲ್ಲ, ಹಾಗಾಗಿ ಕೊಟ್ಟಿಗೆಗೆ ಬಂದು ನೋಡಿದರೆ ಒಂದು ನಿಯಮ, ವಿಡಿಯೊ ಕಾಲಲ್ಲಿ ನೋಡಿದರೆ ಇನ್ನೊಂದು ಅಂತ ಅದರಲ್ಲಿ ಇಲ್ಲ. ಅಂದರೆ ಕೊಟ್ಟಿಗೆಗೆ ಬಂದು ಚಿಕಿತ್ಸೆ ಮಾಡುವ ಹಕ್ಕು ಇಲ್ಲದವರಿಗೆ ಫೋನಲ್ಲೂ ಆ ಹಕ್ಕಿಲ್ಲ. 'ನಾನೇನು ಮುಟ್ಟಿಲ್ಲ, ಬರೀ ಹೇಳಿದೆ ಅಷ್ಟೆ' ಅನ್ನೋ ಮಾತು ಇಲ್ಲಿ ಅಷ್ಟಾಗಿ ನಡೆಯೋದಿಲ್ಲ.

ನೋಂದಾಯಿತರು ಅಂದರೆ ಬಿ.ವಿ.ಎಸ್ಸಿ. ಪದವಿ ಪಡೆದು, ರಾಜ್ಯ ಪಶುವೈದ್ಯ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಇರುವವರು. ಪದವಿ ಇದ್ದು ನೋಂದಣಿ ಇಲ್ಲದಿದ್ದರೂ ಆಗೋದಿಲ್ಲ. ರಾಷ್ಟ್ರೀಯ ರಿಜಿಸ್ಟರಿನಲ್ಲಿ ಹೆಸರಿದ್ದವರು ದೇಶದ ಯಾವ ಭಾಗದಲ್ಲಿ ಬೇಕಾದರೂ ವೃತ್ತಿ ಮಾಡಬಹುದು. ಹಾಗಾಗಿ ಫೋನೆತ್ತಿದ ಡಾಕ್ಟ್ರು ಹಾಸನದವರೋ ಹೈದರಾಬಾದಿನವರೋ ಅನ್ನೋದು ದೊಡ್ಡ ಪ್ರಶ್ನೆಯಲ್ಲ. ನೋಂದಣಿ ಸಂಖ್ಯೆ ಏನು ಅನ್ನೋದೇ ಪ್ರಶ್ನೆ. ಅದನ್ನ ಕೇಳೋಕೆ ಸಂಕೋಚ ಬೇಕಾಗಿಲ್ಲ. ನಿಜವಾದ ವೈದ್ಯರು ಅದನ್ನ ಚೀಟಿಯಲ್ಲಿ ಬರೆದೇ ಕೊಡ್ತಾರೆ.

ಹಾಗಾದರೆ ಊರಲ್ಲಿ ಓಡಾಡಿ ಸಹಾಯ ಮಾಡುವ ಡಿಪ್ಲೊಮಾದವರು, ಕೃತಕ ಗರ್ಭಧಾರಣೆ ಮಾಡುವ ಹುಡುಗರ ಕತೆ ಏನು? ಡಿಪ್ಲೊಮಾ ಇಲ್ಲವೇ ಸರ್ಟಿಫಿಕೇಟ್ ಇರುವ ಪಶುವೈದ್ಯ ಸಹಾಯಕರಂಥವರಿಗೆ ಅದೇ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ. ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಟ್ಟರೆ ಅವರು ಸಣ್ಣಪುಟ್ಟ ಸೇವೆ ಮಾಡಬಹುದು. ಲಸಿಕೆ ಹಾಕೋದು, ಬೀಜ ಒಡೆಯೋದು, ಗಾಯಕ್ಕೆ ಕಟ್ಟು ಕಟ್ಟೋದು, ಪ್ರಥಮ ಚಿಕಿತ್ಸೆ ಇಂಥವು. ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ. ಇವರಲ್ಲಿ ಬಹಳ ಜನ ಪ್ರಾಮಾಣಿಕವಾಗಿ ದುಡೀತಾರೆ, ನಡುರಾತ್ರಿ ಕರೆದರೂ ಬರ್ತಾರೆ. ಆದರೆ ಗ್ರೂಪಲ್ಲಿ ಆಂಟಿಬಯೋಟಿಕ್ ಹೆಸರು, ಡೋಸು ಬರೆಯೋದು ಆ ಸಣ್ಣಪುಟ್ಟ ಸೇವೆಯ ಪಟ್ಟಿಗೆ ಸೇರಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ರಂದು, ಕೇಂದ್ರ ಆರೋಗ್ಯ ಇಲಾಖೆ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಡಾಕ್ಟ್ರು ಫೋನಲ್ಲಿ ನೋಡಬಹುದು, ವಾಟ್ಸ್‌ಆ್ಯಪಲ್ಲಿ ಚೀಟಿ ಕಳಿಸಬಹುದು ಅಂತ ಜನ ಹೇಳೋದು ಅದನ್ನೇ. ಆದರೆ ಅದು ಮನುಷ್ಯರನ್ನು ನೋಡುವ ಅಲೋಪಥಿ ವೈದ್ಯರಿಗೆ ಮಾಡಿದ ನಿಯಮ. ಅದನ್ನ ತೋರಿಸಿ ದನದ ಔಷಧ ಕೇಳಿದರೆ ಲೆಕ್ಕಕ್ಕೆ ಬರಲ್ಲ.

ಅಂಗಡಿ ಕೌಂಟರ್ ಮುಂದೆ

ಮೆಡಿಕಲ್ ಅಂಗಡಿಯವರಿಗೆ ಸಂಬಂಧಪಟ್ಟಿದ್ದು 1945ರ ಔಷಧ ನಿಯಮಗಳು. ಶೆಡ್ಯೂಲ್ ಎಚ್ ಪಟ್ಟಿಯ ಔಷಧವನ್ನು ಚೀಟಿ ಇಲ್ಲದೆ ಮಾರುವಂತಿಲ್ಲ, ಅದು ದನಕ್ಕಾದರೂ ಅಷ್ಟೆ, ಜನಕ್ಕಾದರೂ ಅಷ್ಟೆ. ಚೀಟಿ ಹೇಗಿರಬೇಕು ಅಂತಲೂ 65ನೇ ನಿಯಮ ಬಿಡಿಸಿ ಹೇಳುತ್ತೆ. ಬರವಣಿಗೆಯಲ್ಲಿ ಇರಬೇಕು. ಬರೆದವರ ಸಹಿ, ತಾರೀಕು ಇರಬೇಕು. ಪ್ರಾಣಿಗಾದರೆ ಅದರ ಮಾಲೀಕರ ಹೆಸರು, ವಿಳಾಸ ಇರಬೇಕು. ಒಟ್ಟು ಎಷ್ಟು ಔಷಧ, ಡೋಸ್ ಎಷ್ಟು ಅಂತ ಇರಬೇಕು. ಮತ್ತೆ ಕೊಡಿ ಅಂತ ವೈದ್ಯರು ಬರೆದಿಲ್ಲದಿದ್ದರೆ ಒಂದು ಚೀಟಿಗೆ ಒಂದೇ ಸಲ.

ಈ ಅಳತೆ ಹಿಡಿದು ನೋಡಿದರೆ ಕೌಂಟರಿಗೆ ಬರುವ ಮುಕ್ಕಾಲು ಪಾಲು ಮೆಸೇಜುಗಳು ಚೀಟಿಯೇ ಅಲ್ಲ. ವಾಯ್ಸ್ ಮೆಸೇಜ್ ಚೀಟಿಯಲ್ಲ. ಖಾಲಿ ಬಾಟಲಿಯ ಫೋಟೊ ಚೀಟಿಯಲ್ಲ. 'ಡಾಕ್ಟ್ರೇ ಲೈನಲ್ಲಿ ಇದ್ದಾರೆ, ಮಾತಾಡಿ' ಅಂತ ಫೋನ್ ಕೈಗೆ ಕೊಟ್ಟರೂ ಅದು ಚೀಟಿಯಲ್ಲ. ಮೊಬೈಲಲ್ಲಿ ಬಂದ ಚೀಟಿ ತೋರಿಸಿದರೆ ಅಂಗಡಿಯವರು ಸಹಿ, ತಾರೀಕು, ನೋಂದಣಿ ಸಂಖ್ಯೆ, ಮಾಲೀಕರ ವಿಳಾಸ ಇವಿಷ್ಟು ನೋಡಲೇಬೇಕು. ಆಮೇಲೆ ಅಸಲಿ ಪ್ರತಿ ತರಿಸಿಕೊಳ್ಳೋದು ಕ್ಷೇಮ. ಇನ್‌ಸ್ಪೆಕ್ಟರ್ ಬಂದಾಗ ರೈತನ ಮೊಬೈಲ್ ಅಂಗಡಿಯಲ್ಲಿ ಇರೋದಿಲ್ಲವಲ್ಲ.

ಸೆಫ್ಟ್ರಿಯಾಕ್ಸೋನ್‌ನಂಥ ಶೆಡ್ಯೂಲ್ ಎಚ್1 ಔಷಧಗಳಿಗೆ ಬಿಗಿ ಇನ್ನೂ ಜಾಸ್ತಿ. ಬರೆದವರ ಹೆಸರು ವಿಳಾಸ, ಯಾರಿಗೆ, ಎಷ್ಟು ಅಂತ ಬೇರೆ ರಿಜಿಸ್ಟರಿನಲ್ಲಿ ದಾಖಲಿಸಿ 3 ವರ್ಷ ಇಟ್ಟಿರಬೇಕು. ಹಾಲು ಇಳಿಸೋಕೆ ಅಂತ ಕೇಳುವ ಆಕ್ಸಿಟೋಸಿನ್ ಕೂಡ ಶೆಡ್ಯೂಲ್ ಎಚ್‌ನದ್ದೇ. ಹಾಲು ಹೆಚ್ಚಿಸೋಕೆ ಹಸುವಿನ ಆರೋಗ್ಯ ಕೆಡುವ ಹಾಗೆ ಇಂಜೆಕ್ಷನ್ ಕೊಡೋದು ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಅನ್ನೋದನ್ನ ಗಿರಾಕಿಗೂ ಹೇಳಿದರೆ ಒಳ್ಳೇದು.

ಗ್ರೂಪಿನ ಆ 'ನೋವಿನ ಇಂಜೆಕ್ಷನ್' ವಿಚಾರ. ದನಕ್ಕೆ ಡೈಕ್ಲೋಫೆನಾಕ್ ಬೇಡ ಅಂತ ಕೇಂದ್ರ 2006ರಲ್ಲೇ ತಡೆ ಹಾಕಿತು. ಆ ಔಷಧ ಮೈಯಲ್ಲಿದ್ದು ಸತ್ತ ದನವನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವುದು ಅದೇ ಜಾತಿಯ ಪಕ್ಷಿಗಳು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ಪ್ರಾಣಿಗಳಿಗೆ ನಿಷೇಧ ಆದವು. ಮನುಷ್ಯರಿಗೆ ಇವು ಈಗಲೂ ಸಿಗುತ್ತವೆ, ಅದಕ್ಕೇ ಗೊಂದಲ. ಹಳೇ ಅಭ್ಯಾಸದ ಮೇಲೆ ಹೆಸರು ಹೇಳುವವರಿಗೆ ಇದು ಗೊತ್ತಿರಲ್ಲ.

ಹಾಲಿನ ಲೆಕ್ಕ ಬೇರೆ ಇದೆ. ದನದ ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ ಲೇಬಲ್ ಮೇಲೆ ಇರಬೇಕು. ಪರೀಕ್ಷಿಸಿ ಗೊತ್ತುಮಾಡಿದ ಅವಧಿ ಇಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ ಮತ್ತು ದನಕರುಗಳ ಮಾಂಸಕ್ಕೆ 28 ದಿನ ಅಂತ ನಿಯಮ ಹೇಳುತ್ತೆ. ಫೋನಲ್ಲಿ ಮದ್ದಿನ ಹೆಸರು ಹೇಳಿದವರು ಈ ದಿನಗಳ ಬಗ್ಗೆ ಒಂದು ಮಾತು ಆಡದಿದ್ದರೆ ಅನುಮಾನ ಪಡಬೇಕು.

ಫೋನಲ್ಲಿ ಆಗದೇ ಇರೋದು

ವಿಮೆ ಮಾಡಿಸಿದ ಹಸು ಸತ್ತರೆ ಕ್ಲೇಮಿಗೆ ಪಶುವೈದ್ಯರ ಮರಣ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆ ವರದಿ ಕೇಳ್ತಾರೆ. ಅದು ವಿಡಿಯೊ ನೋಡಿ ಕೊಡುವ ಕಾಗದ ಅಲ್ಲ. ಸಂತೆಗೋ ಬೇರೆ ಜಿಲ್ಲೆಗೋ ದನ ಸಾಗಿಸುವಾಗ, ಪ್ರಯಾಣಕ್ಕೆ ಯೋಗ್ಯವಾಗಿದೆ, ಅಂಟುರೋಗ ಇಲ್ಲ ಅನ್ನೋ ಪಶುವೈದ್ಯರ ಪತ್ರ ಬೇಕು ಅಂತ 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿದೆ. ದುಡ್ಡು ಹಾಕಿದರೆ ಫೋನಲ್ಲೇ ಪಿಡಿಎಫ್ ಕಳಿಸ್ತೀವಿ ಅನ್ನುವವರನ್ನು ನಂಬಿ ಹೊರಟರೆ ಚೆಕ್‌ಪೋಸ್ಟಲ್ಲಿ ಸಿಕ್ಕಿಬೀಳೋದು ಸಾಗಿಸಿದವರೇ.

ಕಾಲುಬಾಯಿ, ಚರ್ಮಗಂಟು, ನೆರಡಿ, ರೇಬೀಸ್ ಇವೆಲ್ಲ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿವೆ. ಅನುಮಾನ ಬಂದರೂ ಸಾಕು, ಮಾಲೀಕರು ಗ್ರಾಮದ ಅಧಿಕಾರಿಗೆ ಇಲ್ಲವೇ ಪಂಚಾಯಿತಿಗೆ ತಿಳಿಸಬೇಕು, ಅಲ್ಲಿಂದ ಪಶುವೈದ್ಯರಿಗೆ ವರದಿ ಹೋಗುತ್ತೆ. ಗುಟ್ಟಾಗಿ ಫೋನಲ್ಲಿ ಮದ್ದು ಕೇಳಿ ಸುಮ್ಮನಾಗುವ ಹಾಗಿಲ್ಲ. ದಿಢೀರ್ ಸತ್ತ ದನದ ಮೂಗು, ಬಾಯಿ, ಗುದದಲ್ಲಿ ಹೆಪ್ಪುಗಟ್ಟದ ರಕ್ತ ಕಂಡರೆ ನೆರಡಿ ಇರಬಹುದು. ಅಂಥ ಹೆಣವನ್ನು ಕೊಯ್ಯಲೇಬಾರದು, ಮನುಷ್ಯರಿಗೂ ಅಂಟುತ್ತೆ.

ಮತ್ತೆ ಆ ಹಸುವಿನ ಕಡೆಗೆ

ಮೊದಲು ಹೇಳಿದ ಲಕ್ಷಣ ಹಾಲುಜ್ವರದ್ದು ಇರಬಹುದು. ಕ್ಯಾಲ್ಸಿಯಂ ಬೇಕಾಗುತ್ತೆ ಅನ್ನೋದೂ ನಿಜ. ಆದರೆ ರಕ್ತನಾಳಕ್ಕೆ ಅದು ಬೇಗ ಹೋದರೆ ಹೃದಯವೇ ನಿಂತುಬಿಡಬಹುದು. ಅದಕ್ಕೇ ವೈದ್ಯರು ಎದೆಬಡಿತ ಕೇಳಿಸಿಕೊಳ್ಳುತ್ತಾ ನಿಧಾನಕ್ಕೆ ಬಿಡ್ತಾರೆ. ಫೋನಿನ ಆ ತುದಿಯಲ್ಲಿ ಎಷ್ಟು ದೊಡ್ಡ ಡಾಕ್ಟ್ರು ಇದ್ದರೂ ಆ ಬಡಿತ ಅವರಿಗೆ ಕೇಳಲ್ಲ. ಫೋನಲ್ಲಿ ಅವರು ಹೇಳಬಹುದಾದ್ದು ಬೇರೆ: ಹಸುವನ್ನು ಒಂದು ಪಕ್ಕಕ್ಕೆ ಬೀಳೋಕೆ ಬಿಡದೆ ಹುಲ್ಲಿನ ಮೂಟೆ ಒರಗಿಸಿ ಎದೆಯ ಮೇಲೆ ಕೂರಿಸಿ, ಬಾಯಿಗೆ ಏನೂ ಹೊಯ್ಯಬೇಡಿ, ನುಂಗೋ ಶಕ್ತಿ ಇರಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ. ವೈದ್ಯರು ಬರುವ ತನಕ ಜೀವ ಹಿಡಿದಿಡೋದು ಇಂಥ ಮಾತೇ.

ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬೇಕು, ಕರೆ ಉಚಿತ. ವಾಹನದಲ್ಲಿ ಒಬ್ಬ ಪಶುವೈದ್ಯರು, ಒಬ್ಬ ಸಹಾಯಕರು ಇರ್ತಾರೆ. ಸುಮಾರು ಒಂದು ಲಕ್ಷ ಜಾನುವಾರಿಗೆ ಒಂದು ವಾಹನ ಅನ್ನೋ ಲೆಕ್ಕದ ಯೋಜನೆ ಇದು, ಹಾಗಾಗಿ ಕರೆದ ಕೂಡಲೇ ಬಾಗಿಲಿಗೆ ಬರುತ್ತೆ ಅಂತ ಕೂರೋಕಾಗಲ್ಲ. ಹತ್ತಿರದ ಪಶು ಆಸ್ಪತ್ರೆ ವೈದ್ಯರ ನಂಬರ್ ಹಗಲಲ್ಲೇ ಇಸ್ಕೊಂಡು ಕೊಟ್ಟಿಗೆ ಗೋಡೆ ಮೇಲೆ ಬರೆದಿಟ್ಟಿರಬೇಕು. ಕರೆ ಮಾಡಿದಾಗ ಕರು ಹಾಕಿದ ದಿನ, ಎಷ್ಟನೇ ಸೂಲು, ಮೇವು ಬಿಟ್ಟಿದ್ದು ಯಾವಾಗ, ಈಗಾಗಲೇ ಏನಾದರೂ ಇಂಜೆಕ್ಷನ್ ಆಗಿದೆಯಾ, ಮತ್ತು ಕಿವಿ ಓಲೆಯ 12 ಅಂಕಿ, ಇಷ್ಟನ್ನು ಮೊದಲೇ ಹೇಳಬೇಕು. ಗ್ರೂಪಲ್ಲಿ ನೋಡಿ ಯಾರೋ ಹೇಳಿದ ಮದ್ದು ಆಗಲೇ ಹಾಕಿದ್ದರೆ ಅದನ್ನ ಮುಚ್ಚಿಡಬಾರದು, ಮುಂದಿನ ಡೋಸ್ ಅದರ ಮೇಲೇ ನಿಂತಿರುತ್ತೆ.