ಡಾಕ್ಟರಿಗೂ ಭಾನುವಾರದ ಪಾಠ

ಚಾಮರಾಜಪೇಟೆಯ ಆಲೂರು ವೆಂಕಟರಾವ್ ರಸ್ತೆಯನ್ನು ಹಳಬರು ಇವತ್ತಿಗೂ ಆಲ್ಬರ್ಟ್ ವಿಕ್ಟರ್ ರೋಡ್ ಅನ್ನುವುದುಂಟು. ಭಾರತೀಯ ವೈದ್ಯಕೀಯ ಸಂಘದ ಬೆಂಗಳೂರು ಶಾಖೆ ಇರುವುದು ಇಲ್ಲೇ. ಐಎಂಎ ಹೌಸ್ ಎಂಬ ಬೋರ್ಡನ್ನು ಬಸ್ಸಿನ ಕಿಟಕಿಯಿಂದ ಓದಿದವರು ಬಹಳ ಮಂದಿ, ಒಳಗೆ ಏನು ನಡೆಯುತ್ತದೆಂದು ಬಲ್ಲವರು ಕಡಿಮೆ. ನಡೆಯುವ ಮುಖ್ಯ ಕೆಲಸಗಳಲ್ಲೊಂದು ಪಾಠ. ಕೇಳಲು ಬರುವವರು ಗಾಂಧಿಬಜಾರಿನ, ಮಲ್ಲೇಶ್ವರದ, ಶ್ರೀರಾಮಪುರದ ಗಲ್ಲಿಗಳಲ್ಲಿ ಬೆಳಿಗ್ಗೆ ಸಂಜೆ ಕ್ಲಿನಿಕ್ ಬಾಗಿಲು ತೆರೆಯುವ ಫ್ಯಾಮಿಲಿ ಡಾಕ್ಟರುಗಳು. ತಲೆ ನರೆತವರೂ ಇರುತ್ತಾರೆ, ಇಂಟರ್ನ್‌ಶಿಪ್ ಮುಗಿಸಿ ಇದೀಗ ಬೋರ್ಡ್ ಹಾಕಿದವರೂ ಇರುತ್ತಾರೆ.

ಇದಕ್ಕೆ ಡಾಕ್ಟರುಗಳ ಬಾಯಲ್ಲಿ ಸಿಎಂಇ ಎಂದು ಹೆಸರು. ಓದು ಮುಗಿಸಿ ಕೆಲಸಕ್ಕಿಳಿದ ವೈದ್ಯರಿಗೆ ಮತ್ತೆ ಮತ್ತೆ ನಡೆಯುವ ಪಾಠ ಇದು. ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಕಲಿಕೆಯಲ್ಲಿ ಭಾಗವಹಿಸಬೇಕೆಂದು 2002ರ ವೈದ್ಯಕೀಯ ವೃತ್ತಿಸಂಹಿತೆ ಹೇಳಿತು. ಗಂಟೆಗಳ ಲೆಕ್ಕ ಇಡುವ ಕರ್ನಾಟಕ ವೈದ್ಯಕೀಯ ಪರಿಷತ್ತು ಬಹುಕಾಲ ಇದ್ದದ್ದು ಬಸವನಗುಡಿಯ ಕೆ.ಆರ್. ರಸ್ತೆಯ ವೈದ್ಯಕೀಯ ಭವನದಲ್ಲಿ. ಆಮಂತ್ರಣದ ಮೇಲೆ ಇಷ್ಟು ಕ್ರೆಡಿಟ್ ಎಂದು ಅಚ್ಚಾಗಿರುತ್ತದೆ, ಬಾಗಿಲಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ನೋಂದಣಿ ನವೀಕರಣದ ಹೊತ್ತಿಗೆ ಈ ಸಹಿಗಳು ಕೆಲಸಕ್ಕೆ ಬರುತ್ತವೆ.

ಹಳೇ ಬೆಂಗಳೂರಿನ ಈ ಬಡಾವಣೆಗಳಿಗೂ ವೈದ್ಯಕ್ಕೂ ನಂಟು ಹಳೆಯದು. 1898ರಲ್ಲಿ ಊರಿಗೆ ಪ್ಲೇಗ್ ಬಂದ ಮೇಲೆ, ಗಾಳಿ ಬೆಳಕಿರುವ ಅಗಲ ಬೀದಿಗಳ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದವು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ, ಬೆಂಗಳೂರು ಮೆಡಿಕಲ್ ಕಾಲೇಜು 1955ರಲ್ಲಿ ಬಂದವು. ಅವತ್ತಿನ ರೋಗ ವಾರದೊಳಗೆ ತೀರ್ಮಾನ ಹೇಳುತ್ತಿತ್ತು. ಇವತ್ತಿನದು ಸದ್ದಿಲ್ಲದೆ ಹತ್ತಿಪ್ಪತ್ತು ವರ್ಷ ಮನೆಯಲ್ಲೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ನಮ್ಮ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆ, 15.3 ಮಂದಿ ಅದರ ಹೊಸ್ತಿಲಲ್ಲಿ ಎಂದು ಗೊತ್ತಾಯಿತು. ಒಟ್ಟು ಲೆಕ್ಕ ಹತ್ತು ಕೋಟಿ ದಾಟಿತ್ತು. ಇಷ್ಟು ಜನರನ್ನು ನೋಡುವಷ್ಟು ಶುಗರ್ ತಜ್ಞರು ಎಲ್ಲೂ ಇಲ್ಲ. ನೋಡುತ್ತಿರುವವರು ಬೀದಿ ಕೊನೆಯ ಡಾಕ್ಟರೇ. ಅವರಿಗೆ ಗೊತ್ತಿರುವಷ್ಟೇ ನಮ್ಮ ಕಾಲು, ಕಣ್ಣು, ಕಿಡ್ನಿಯ ಭಾಗ್ಯ.

1980ರ ದಶಕದಲ್ಲಿ ಎಂಬಿಬಿಎಸ್ ಮುಗಿಸಿದವರು ಕಾಲೇಜಿನಲ್ಲಿ ಕಲಿತದ್ದು ಡಯೋನಿಲ್ ಮಾತ್ರೆ, ಹಂದಿ ದನಗಳ ಮೇದೋಜೀರಕದಿಂದ ತೆಗೆದ ಇನ್ಸುಲಿನ್, ಖಾಲಿ ಹೊಟ್ಟೆಯ ಒಂದು ಸಂಖ್ಯೆ. ಆಮೇಲೆ ಪಾಠವೇ ಬದಲಾಯಿತು. ಸಕ್ಕರೆ ಹದದಲ್ಲಿದ್ದರೆ ಕಣ್ಣು, ಕಿಡ್ನಿ ಉಳಿಯುತ್ತವೆಂದು ಬ್ರಿಟನ್ನಿನ ಬಹುದೊಡ್ಡ ಅಧ್ಯಯನ 1998ರಲ್ಲಿ ತೋರಿಸಿತು. ಹಾಗಾದರೆ ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದು ಎಂದು ಎಲ್ಲರೂ ಹೊರಟರೆ, 2008ರಲ್ಲಿ ಅಮೆರಿಕದ ಅಕಾರ್ಡ್ ಅಧ್ಯಯನ ಅಡ್ಡ ನಿಂತಿತು. ಹೃದಯದ ತೊಂದರೆಯೋ ಅದರ ಅಪಾಯವೋ ಇರುವ, ವಯಸ್ಸಾದವರಲ್ಲಿ ಸಕ್ಕರೆಯನ್ನು ಬಿಗಿಯಾಗಿ ಇಳಿಸಲು ಹೋದ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು. 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಹೃದಯರೋಗಿಗಳ ಜೀವ ಉಳಿಸುವುದು ಕಂಡಿತು. ಅದರ ಬಳಗದ ಡಾಪಾಗ್ಲಿಫ್ಲೋಜಿನ್‌ಗೆ ಇಲ್ಲಿ 2020ರಲ್ಲಿ ಪೇಟೆಂಟ್ ಮುಗಿದು ಬೆಲೆ ಇಳಿಯಿತು, ಸಾಮಾನ್ಯ ರೋಗಿಗೂ ಕೈಗೆಟುಕಿತು. ಇದಾವುದೂ ಹಳೆಯ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಆದರೆ ಹೊಸ ಮಾತ್ರೆಯ ಹೆಸರು ಕಲಿಯುವುದು ಸುಲಭ. ಕೈಗೆ ಹೊಸ ಅಭ್ಯಾಸ ಹತ್ತುವುದು ಕಷ್ಟ, ಸಿಎಂಇಯ ಬೆಲೆ ಇರುವುದೂ ಅಲ್ಲೇ ಎಂದು ನನಗನ್ನಿಸುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಸ್ಪರ್ಶ ಪರೀಕ್ಷಿಸುವ ಪಾಠವನ್ನೇ ನೋಡಿ. ಬೇಕಾದದ್ದು ಮೀನು ಹಿಡಿಯುವ ದಾರದಂಥ ಒಂದು ನೈಲಾನ್ ಎಳೆ, ಅದಕ್ಕೊಂದು ಹಿಡಿ. ಹತ್ತು ಗ್ರಾಂ ಭಾರಕ್ಕೆ ಬಾಗುವಂತೆ ಅಳತೆ ಮಾಡಿರುತ್ತಾರೆ. ಮೊದಲು ರೋಗಿಯ ಕೈಗೆ ತಾಗಿಸಿ ಹೇಗಿರುತ್ತದೆಂದು ತೋರಿಸಬೇಕು. ಆಮೇಲೆ “ಕಣ್ಮುಚ್ಕೊಳಿ ಅಮ್ಮಾ, ತಾಗಿದಾಗ ಹೇಳಿ” ಎಂದು ಹೆಬ್ಬೆರಳಿನ ಅಡಿ, ಬೆರಳುಗಳ ಬುಡದ ಉಬ್ಬು, ಹೀಗೆ ಒಂದೊಂದು ಕಡೆ ಎಳೆ ಬಾಗುವವರೆಗೆ ಒತ್ತಿ, ಕ್ಷಣ ಬಿಟ್ಟು ತೆಗೆಯಬೇಕು. ಆಣಿ ಕಟ್ಟಿದ ಜಾಗದ ಮೇಲೆ ಒತ್ತಬಾರದು. ಒಂದೇ ತಾಳಕ್ಕೆ ಒತ್ತುತ್ತಾ ಹೋದರೆ ರೋಗಿ ಊಹೆಯಿಂದಲೇ “ಹ್ಞೂಂ” ಅನ್ನುತ್ತಾರೆ, ನಡುವೆ ಬಿಡುವು ಕೊಡಬೇಕು. ಬೆರಳ ಸಂದುಗಳನ್ನು ಬಿಡಿಸಿ ನೋಡಬೇಕು, ಪಾದದ ನಾಡಿ ಮುಟ್ಟಬೇಕು. ಎಲ್ಲ ಸೇರಿ ಕೆಲವೇ ನಿಮಿಷ. ಎಳೆ ತಾಗಿದ್ದು ಗೊತ್ತಾಗದ ಕಾಲಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಬೇಸಿಗೆಯ ಮಧ್ಯಾಹ್ನ ದೊಡ್ಡ ಬಸವಣ್ಣನ ಗುಡಿಯ ಕಲ್ಲುಹಾಸು ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಬೊಬ್ಬೆ ಹುಣ್ಣಾಗಿ, ಹುಣ್ಣು ಮೂಳೆ ತಲುಪಿದ ಮೇಲೆ ಬರುವ ರೋಗಿಗೆ ಕಾಲು ಉಳಿಸುವುದು ದೊಡ್ಡ ಆಸ್ಪತ್ರೆಗೂ ಸುಲಭವಲ್ಲ. ಚಪ್ಪಲಿ, ಸಾಕ್ಸ್ ಬಿಚ್ಚಿಸಿ ನೋಡುವ ಡಾಕ್ಟರು ಬೀದಿಯಲ್ಲಿ ಒಬ್ಬರು ಹೆಚ್ಚಾದರೂ ಪಾಠ ಕೇಳಿದ ಭಾನುವಾರ ಸಾರ್ಥಕ.

ಇನ್ಸುಲಿನ್ ಪಾಠವೂ ಇಂಥದ್ದೇ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ 40 ಯೂನಿಟ್ಟಿನದು, ಪೆನ್ನಿನದು 100 ಯೂನಿಟ್ಟಿನದು. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಅದಲು ಬದಲಾದರೆ ಎರಡೂವರೆ ಪಟ್ಟು ವ್ಯತ್ಯಾಸ, ಪ್ರಾಣಕ್ಕೇ ಕುತ್ತು. ಹೊಟ್ಟೆಯ ಒಂದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿಕೊಂಡವರಿಗೆ ಅಲ್ಲಿ ಗಂಟು ಕಟ್ಟುತ್ತದೆ, ಮದ್ದು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಡಾಕ್ಟರು ಹೊಟ್ಟೆ ಮುಟ್ಟಿ ನೋಡದೆ ಡೋಸ್ ಏರಿಸುತ್ತಾ ಹೋದರೆ, ಜಾಗ ಬದಲಾಯಿಸಿದ ದಿನ ಸಕ್ಕರೆ ದಿಢೀರನೆ ಕುಸಿಯಬಹುದು.

ಈ ಊರಿನ ಪಾಠ ಈ ಊರಿನದೇ ಆಗಿರಬೇಕಾದ ಕಾರಣಗಳೂ ಇವೆ. ಬಸವನಗುಡಿಯಲ್ಲಿ ಮೆಟ್‌ಫಾರ್ಮಿನ್ ನುಂಗುತ್ತಿರುವ ಸಸ್ಯಾಹಾರಿಗಳು ಮನೆ ಮನೆಯಲ್ಲಿದ್ದಾರೆ. ಒಳ್ಳೆಯ, ಅಗ್ಗದ ಮದ್ದು, ನಿಜ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು, ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ ಇರುವುದುಂಟು. ಕಾಲು ಜುಮುಗುಟ್ಟಿದರೆ ಶುಗರ್ ಎಂದು ಬಿಟ್ಟುಬಿಡದೆ ರಕ್ತ ನೋಡಿಸುವುದನ್ನು ಇಲ್ಲಿನ ವೈದ್ಯರು ಮರೆಯಬಾರದು. ಏಕಾದಶಿ, ಶಿವರಾತ್ರಿಗೆ ಉಪವಾಸ ಮಾಡುವ ಅಜ್ಜಿ ಬೆಳಿಗ್ಗೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರ ತಪ್ಪದೆ ನುಂಗುತ್ತಾರೆ. ಊಟವಿಲ್ಲ, ಮಾತ್ರೆ ಇದೆ. ಮಧ್ಯಾಹ್ನ ಬೆವರಿ ತಲೆ ತಿರುಗುತ್ತದೆ. ಚಾಮರಾಜಪೇಟೆಯಲ್ಲಿ ರಂಜಾನ್ ಬಂದರೆ ತಿಂಗಳಿಡೀ ಇದೇ ಪ್ರಶ್ನೆ. ಉಪವಾಸ ಹಿಡಿಯುವವರು ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಂಡು ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಕಿಡ್ನಿ ಕೆಟ್ಟವರಿಗೆ, ಪದೇ ಪದೇ ಶುಗರ್ ಇಳಿಯುವವರಿಗೆ ಬೇಡವೆಂದೇ ಹೇಳಬೇಕು. “ಉಪವಾಸ ಮಾಡ್ತೀರಾ?” ಎಂದು ಕೇಳದ ವೈದ್ಯರಿಗೆ ಈ ವಿಷಯ ಗೊತ್ತೇ ಆಗುವುದಿಲ್ಲ, ಏಕೆಂದರೆ ನಮ್ಮ ಜನ ತಾವಾಗಿ ಹೇಳುವುದಿಲ್ಲ.

ಮಲ್ಲೇಶ್ವರದ ಹಳೇ ಮನೆಗಳಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಒಂಟಿಯಾಗಿರುವ ಎಂಬತ್ತರ ಹಿರಿಯರದು ಇನ್ನೊಂದು ಪಾಠ. ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಏಳರೊಳಗಿರಬೇಕೆಂದು ಅವರಿಗೂ ಹಟ ಹಿಡಿದರೆ, ರಾತ್ರಿ ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದಾಗ ಎತ್ತುವವರಿಲ್ಲ. ಅವರಿಗೆ ಎಂಟರ ಆಸುಪಾಸು ಸಾಕೆನ್ನುವ ಧೈರ್ಯವನ್ನೂ ವೈದ್ಯರು ಕಲಿಯಬೇಕಾಗಿದೆ.

ಈ ಪಾಠಗಳ ಖರ್ಚು ಯಾರದು ಎಂಬ ಪ್ರಶ್ನೆ ಮುಜುಗರದ್ದು, ಆದರೂ ಕೇಳಲೇಬೇಕು. ಔಷಧ ಕಂಪನಿಗಳು ಸಭೆಗಳಿಗೆ ಹಣ ಹಾಕುವುದು ಎಲ್ಲ ದೇಶದಲ್ಲೂ ಇದೆ. ಮಾರ್ಚ್ 2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಔಷಧ ಮಾರಾಟ ಸಂಹಿತೆ ಕಂಪನಿಗಳ ದುಡ್ಡಿನ ಸಿಎಂಇಯನ್ನು ವಿದೇಶದಲ್ಲಿ ನಡೆಸಕೂಡದೆಂದಿತು, ಖರ್ಚಿನ ವಿವರ ಬಹಿರಂಗವಾಗಬೇಕೆಂದಿತು. ಒಳ್ಳೆಯದೇ ಆಯಿತು. ಆದರೆ ಹೊಸ ಮಾತ್ರೆಯ ಉಪನ್ಯಾಸಕ್ಕೆ ಪ್ರಾಯೋಜಕರು ಸಿಕ್ಕಷ್ಟು ಸುಲಭವಾಗಿ, ಯಾರಿಗೂ ಲಾಭ ತರದ ನೈಲಾನ್ ಎಳೆಯ ಪಾಠಕ್ಕೆ ಸಿಗುವುದಿಲ್ಲ. ಅದರ ಹಣವನ್ನು ಸಂಘ, ಕಾಲೇಜು, ಸರ್ಕಾರಗಳೇ ಹೊರಬೇಕು.

ಒಂದು ದಿನದ ಸಭೆಗಿಂತ ಗಟ್ಟಿಯಾದ ದಾರಿಗಳೂ ಇವೆ. ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಮತ್ತು ಚೆನ್ನೈನ ಡಾ. ಮೋಹನ್ಸ್ ಸಂಸ್ಥೆ 2010ರಲ್ಲಿ ಆರಂಭಿಸಿದ ಸಕ್ಕರೆ ಕಾಯಿಲೆಯ ಸರ್ಟಿಫಿಕೇಟ್ ಕೋರ್ಸ್ ತಿಂಗಳಿಗೊಂದು ಭಾನುವಾರದಂತೆ ವರ್ಷವಿಡೀ ನಡೆಯುತ್ತದೆ. ನಡುವಿನ ವಾರಗಳಲ್ಲಿ ರೋಗಿಗಳನ್ನು ನೋಡಿ, ಎದುರಾದ ಅನುಮಾನಗಳೊಂದಿಗೆ ಮರಳಿ ಬರಲು ಸಮಯ ಸಿಗುತ್ತದೆ. ಕ್ರೆಡಿಟ್ ಪದ್ಧತಿಯಲ್ಲಿ ನನಗೆ ಕಾಣುವ ಕೊರತೆಯೂ ಇದೇ. ಅದು ಕುರ್ಚಿಯಲ್ಲಿ ಕೂತ ಗಂಟೆ ಎಣಿಸುತ್ತದೆ, ಸೋಮವಾರ ಕ್ಲಿನಿಕ್ಕಿನಲ್ಲಿ ಏನು ಬದಲಾಯಿತೆಂದು ಕೇಳುವುದಿಲ್ಲ. ಕಳೆದ ನೂರು ಶುಗರ್ ರೋಗಿಗಳಲ್ಲಿ ಎಷ್ಟು ಮಂದಿಯ ಕಾಲು ನೋಡಿದೆ, ಎಷ್ಟು ಮಂದಿಯ ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿದೆ, ಎಷ್ಟು ಮಂದಿಯನ್ನು ಮಿಂಟೋಗೋ ಬೇರೆ ಕಣ್ಣಾಸ್ಪತ್ರೆಗೋ ಕಳಿಸಿದೆ ಎಂಬ ಲೆಕ್ಕ ತಂದು ಸಹೋದ್ಯೋಗಿಗಳ ಮುಂದಿಡುವ ವೈದ್ಯರಿಗೆ, ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಕ್ರೆಡಿಟ್ ಸಲ್ಲಬೇಕು. ಅಂಥ ಲೆಕ್ಕ ಇಡಲು ಸಾಫ್ಟ್‌ವೇರ್ ಬೇಕಿಲ್ಲ, ಮೇಜಿನ ಮೇಲೊಂದು ನೋಟ್‌ಬುಕ್ ಇದ್ದರೆ ಆಯಿತು. ಚಾಮರಾಜಪೇಟೆಯಿಂದಲೇ ಇದು ಶುರುವಾಗಬಹುದು.